ಬಿಚ್ಚಲು ಬಾರದ ಮುಚ್ಚಳ

(ಮಾತಾಡುತ್ತಿರುವವರು ಇಬ್ಬರು. ಒಬ್ಬರು ಕರಾವಳಿಯ ಕಾಲೇಜೊಂದರಲ್ಲಿ ಲೋಹಶಾಸ್ತ್ರ ಕಲಿಸಿ ನಿವೃತ್ತರಾದ ಮಾವ. ಇನ್ನೊಬ್ಬ ಅಮೆರಿಕದ ಮಿಶಿಗನ್‌ನಲ್ಲಿ ನೆಲೆಸಿರುವ ಅವರ ಸೋದರಳಿಯ.)

ಅಳಿಯ: ಮಾವ, ಇಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಟೈರ್ ಅಂಗಡಿಗಳಲ್ಲೆಲ್ಲ ಒಂದೇ ಗೋಳು. ಗಾಳಿ ಹಿಡಿಸೋಣ ಎಂದು ಹೋದರೆ ವಾಲ್ವಿನ ತುದಿಯಲ್ಲಿರುವ ಪುಟ್ಟ ಲೋಹದ ಮುಚ್ಚಳ ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳುವುದಿಲ್ಲ. ಇಕ್ಕಳ ಹಾಕಿ ತಿರುಗಿಸಿದರೆ ಮುಚ್ಚಳದ ಜೊತೆಗೆ ವಾಲ್ವಿನ ಕೊಳವೆಯೇ ಮುರಿದು ಕೈಗೆ ಬರುತ್ತದೆ. ಆ ಕೊಳವೆಯ ಬುಡಕ್ಕೇ, ಚಕ್ರದ ಒಳಗೆ, ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುವುದರಿಂದ ಒಂದು ಮುಚ್ಚಳದ ರಗಳೆ ಟೈರು ಕಳಚಿ ಹೊಸ ಸೆನ್ಸರ್ ಹಾಕಿಸುವವರೆಗೆ ಬೆಳೆಯುತ್ತದೆ. ಮೆಕ್ಯಾನಿಕ್‌ಗಳು ಬೈಯುವುದು ಕಾರಿನ ಯಜಮಾನರನ್ನು: ಆಗಾಗ ಬಿಚ್ಚಿ ನೋಡಬೇಡವೇ, ಬೆರಳಲ್ಲಿ ತಿರುಗಿಸಬೇಕಾದ್ದನ್ನು ಇಕ್ಕಳದಲ್ಲಿ ಬಿಗಿದರೆ ಇನ್ನೇನಾಗುತ್ತದೆ ಎಂದು. ಅವರ ಮಾತು ಸರಿ ಅನ್ನಿಸುತ್ತದೆ.

ಮಾವ: ಅರ್ಧ ಸರಿ. ಬಿಗಿ ಹೆಚ್ಚಾದರೆ ಬಿಚ್ಚುವುದು ಕಷ್ಟ, ಒಪ್ಪಿದೆ. ಆದರೆ ಬೆರಳಲ್ಲೇ ಹದವಾಗಿ ತಿರುಗಿಸಿದ ಮುಚ್ಚಳವೂ ಒಂದೆರಡು ಚಳಿಗಾಲ ಕಳೆಯುವುದರೊಳಗೆ ಕಚ್ಚಿಕೊಳ್ಳುತ್ತದಲ್ಲ, ಅದಕ್ಕೇನು ಹೇಳುತ್ತಾರೆ? ಅಲ್ಲಿ ಬಿಗಿದವನ ಕೈಗಿಂತ ಲೋಹದ ಕೆಲಸ ದೊಡ್ಡದು. ಸೆನ್ಸರ್ ಹೊತ್ತ ವಾಲ್ವುಗಳಲ್ಲಿ ಎರಡು ಬಗೆ. ಒಂದು ರಬ್ಬರಿನದು, ಒಳಗೆ ಸಾಮಾನ್ಯವಾಗಿ ಹಿತ್ತಾಳೆಯ ಕೊಳವೆ. ಇನ್ನೊಂದು ರಿಮ್ಮಿಗೆ ನಟ್ಟು ಹಾಕಿ ಬಿಗಿಯುವ ಅಲ್ಯೂಮಿನಿಯಂ ಕೊಳವೆ. ಹಗುರ ಎಂಬ ಕಾರಣಕ್ಕೆ, ಕೆಲವು ವಿನ್ಯಾಸಗಳಲ್ಲಿ ಆ ಕೊಳವೆಯೇ ಸೆನ್ಸರಿನ ಆಂಟೆನಾ ಆಗುತ್ತದೆ ಎಂಬ ಕಾರಣಕ್ಕೆ ಅಲ್ಯೂಮಿನಿಯಂ ಬಂತು. ಅದರ ಮೇಲೆ ನಾವು ತಂದು ಕೂರಿಸುವುದು ಏನನ್ನು? ಅಂಗಡಿಯಲ್ಲಿ ಥಳಥಳ ಹೊಳೆಯುವ ಮುಚ್ಚಳವನ್ನು. ಎಷ್ಟೋ ಸಲ ಅದು ಕ್ರೋಮಿಯಂ ಲೇಪ ಬಳಿದ ಹಿತ್ತಾಳೆ. ಹಿತ್ತಾಳೆಗೂ ಅಲ್ಯೂಮಿನಿಯಂಗೂ ನಡುವೆ ನೀರು ನಿಂತರೆ ಅದೊಂದು ಬ್ಯಾಟರಿ. ಆ ನೀರಲ್ಲಿ ಉಪ್ಪಿದ್ದರಂತೂ ಕೇಳುವುದೇ ಬೇಡ. ಅಲ್ಯೂಮಿನಿಯಂ ಎಲೆಕ್ಟ್ರಾನು ಬಿಟ್ಟುಕೊಟ್ಟು ಕರಗುತ್ತದೆ, ಹಿತ್ತಾಳೆ ಕೂದಲೂ ಕೊಂಕದೆ ಉಳಿಯುತ್ತದೆ. ನಿಮ್ಮ ದೇಶದಲ್ಲಿ ರಸ್ತೆಗೆ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪು ಸುರಿಯುತ್ತಾರೆ. ಅದರ ಜೊತೆಗೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ ಬೇರೆ. ಈ ಎರಡು ಲವಣಗಳು ಗಾಳಿಯ ತೇವವನ್ನೇ ಹೀರಿಕೊಳ್ಳುವ ಜಾತಿಯವು, ಹಾಗಾಗಿ ಮಳೆ ಹಿಮ ನಿಂತ ಮೇಲೂ ಆ ಸಂದು ಬೇಗ ಒಣಗುವುದಿಲ್ಲ.

ಅಳಿಯ: ಕರಗುತ್ತದೆ ಅಂದಿರಿ. ಕರಗಿದರೆ ಥ್ರೆಡ್ ಸವೆದು ಮುಚ್ಚಳ ಸಡಿಲವಾಗಬೇಕಲ್ಲ, ಕಚ್ಚಿಕೊಳ್ಳುವುದು ಹೇಗೆ?

ಮಾವ: ಕರಗಿದ ಅಲ್ಯೂಮಿನಿಯಂ ಹೊರಗೆ ಹರಿದು ಹೋಗುವುದಿಲ್ಲ ಮಾರಾಯ, ಅಲ್ಲೇ ಬಿಳಿ ಪುಡಿಯಾಗಿ ಕೂರುತ್ತದೆ. ಅದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಅಣುತೂಕ, ಸಾಂದ್ರತೆ ಹಿಡಿದು ಲೆಕ್ಕ ಹಾಕಿದರೆ, ಹುಟ್ಟಿಬಂದ ಲೋಹಕ್ಕಿಂತ ಅದು ಸುಮಾರು ಮೂರು ಪಟ್ಟು ಜಾಗ ಬೇಡುತ್ತದೆ. ಈಗ ಆ ಥ್ರೆಡ್ ನೋಡು. ವಾಲ್ವಿನ ತುದಿಯ ಹೊರವ್ಯಾಸ 8 ಮಿಲಿಮೀಟರಿಗೂ ಕಡಿಮೆ, ಒಂದು ಅಂಗುಲಕ್ಕೆ 32 ಸುತ್ತು. ಅಂದರೆ ಸುತ್ತಿನಿಂದ ಸುತ್ತಿಗೆ 0.8 ಮಿಲಿಮೀಟರ್. ಮುಚ್ಚಳಕ್ಕೂ ಕೊಳವೆಗೂ ನಡುವಿನ ಸಂದು ಅದಕ್ಕಿಂತ ಎಷ್ಟೋ ಕಿರಿದು. ಅಂಥ ಸಂದಿನಲ್ಲಿ ಲೋಹದ ಚೂರೇ ಚೂರು ಪದರ ಪುಡಿಯಾದರೂ ಸಾಕು, ಜಾಗ ತುಂಬಿ ಎರಡೂ ಗೋಡೆಗಳನ್ನು ಒತ್ತಿ ಹಿಡಿಯುತ್ತದೆ. ತುಕ್ಕು ಎಂದರೆ ಸವೆತ ಎಂದಷ್ಟೇ ನಾವು ಎಣಿಸುತ್ತೇವೆ. ಇಲ್ಲಿ ಅದು ಊತ.

ಅಳಿಯ: ಇದು ಪ್ರಯೋಗಾಲಯದ ಪಾಠದಂತೆ ಕೇಳಿಸುತ್ತದೆ. ಇಷ್ಟು ಸಣ್ಣ ವಸ್ತುವಿನಲ್ಲಿ ಅಷ್ಟು ದೊಡ್ಡ ಶಕ್ತಿ ಕೆಲಸ ಮಾಡುತ್ತದೆ ಎಂದು ನಂಬುವುದು ಕಷ್ಟ.

ಮಾವ: ಹಾಗಾದರೆ ದೊಡ್ಡ ವಸ್ತುವನ್ನೇ ತೆಗೆದುಕೋ. ನಿಮ್ಮ ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ 1886ರಲ್ಲಿ ಎದ್ದು ನಿಂತಿತು. ಹೊರಗೆ ತಾಮ್ರದ ತಗಡು, ಒಳಗೆ ಕಬ್ಬಿಣದ ಪಟ್ಟಿಗಳ ಹಂದರ. ಕಟ್ಟಿದವರಿಗೆ ಈ ಎರಡು ಲೋಹಗಳ ಜಗಳ ಗೊತ್ತಿತ್ತು, ಅದಕ್ಕೇ ನಡುವೆ ಅರಗಿನಲ್ಲಿ ಅದ್ದಿದ ಕಲ್ನಾರಿನ ಬಟ್ಟೆ ಇಟ್ಟರು. ಸಮುದ್ರದ ಗಾಳಿಗೆ ಆ ಬಟ್ಟೆ ಹಾಳಾಯಿತು, ಕಬ್ಬಿಣ ತುಕ್ಕು ಹಿಡಿದು ಊದಿಕೊಂಡಿತು, ಊದಿದ ರಭಸಕ್ಕೆ ತಾಮ್ರದ ತಗಡಿಗೆ ಹೊಡೆದಿದ್ದ ರಿವೆಟ್ಟುಗಳು ಕಿತ್ತುಬಂದವು. 1986ರಲ್ಲಿ ಮುಗಿದ ದುರಸ್ತಿಯಲ್ಲಿ ಹಳೆಯ ಕಬ್ಬಿಣದ ಪಟ್ಟಿಗಳನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಹಾಕಿದರು, ಅಷ್ಟಕ್ಕೇ ನಿಲ್ಲದೆ ಎರಡು ಲೋಹಗಳ ನಡುವೆ ಟೆಫ್ಲಾನ್ ಪಟ್ಟಿ ಸೇರಿಸಿದರು. ಇನ್ನೂ ಹಿಂದಕ್ಕೆ ಹೋಗು. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿ ವೆಸ್ಟ್ ಇಂಡೀಸ್ ಕಡೆಗೆ ಕಳಿಸಿತು. 1763ರಲ್ಲಿ ಪರೀಕ್ಷಿಸಿದಾಗ ತಗಡು ಚೆನ್ನಾಗಿತ್ತು, ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಆದರೆ ಕೆಲವು ಮೊಳೆಗಳು ಉಳಿದಿದ್ದವು. ಏಕೆಂದು ನೋಡಿದರೆ, ತಗಡು ಸುತ್ತಿಬಂದಿದ್ದ ಕಂದು ಕಾಗದ ಆ ಜಾಗಗಳಲ್ಲಿ ಹರಿಯದೆ ತಾಮ್ರಕ್ಕೂ ಕಬ್ಬಿಣಕ್ಕೂ ನಡುವೆ ನಿಂತಿತ್ತು. ವಿಜ್ಞಾನಿ ಗ್ಯಾಲ್ವನಿ ವಿದ್ಯುತ್ತಿನ ಪ್ರಯೋಗದಲ್ಲಿ ಕಪ್ಪೆಯ ಕಾಲು ಮುಟ್ಟುವುದಕ್ಕೂ, ವೋಲ್ಟಾ ಬ್ಯಾಟರಿ ಮಾಡುವುದಕ್ಕೂ ಮೊದಲಿನ ಮಾತು ಇದು. ಕಾರಣ ತಿಳಿಯದ ಕಾಲದಲ್ಲೇ ಪರಿಹಾರ ಕಣ್ಣೆದುರು ಬಂದಿತ್ತು: ನಡುವೆ ಲೋಹವಲ್ಲದ್ದು ಏನಾದರೂ ಇರಲಿ. ನಾನು ಪ್ಲಾಸ್ಟಿಕ್ ಮುಚ್ಚಳ ಹಾಕು ಎನ್ನುವುದು ಇದೇ ಆಧಾರದ ಮೇಲೆ.

ಅಳಿಯ: ಹಡಗು, ಪ್ರತಿಮೆ ಬಿಡಿ. ಟೈರು ಮಾಡುವವರಿಗೆ, ಸೆನ್ಸರ್ ಮಾಡುವವರಿಗೆ ಇದು ಗೊತ್ತಿಲ್ಲವೇ?

ಮಾವ: ಚೆನ್ನಾಗಿ ಗೊತ್ತು, ಅದಕ್ಕೆ ಸಾಕ್ಷಿ ವಾಲ್ವಿನ ಒಳಗೇ ಇದೆ. ಪಂಕ್ಚರ್ ಅಂಗಡಿಯವರು ವಾಲ್ವ್ ಪಿನ್ ಅನ್ನುತ್ತಾರಲ್ಲ, ಗಾಳಿಯನ್ನು ನಿಜವಾಗಿ ತಡೆದು ಹಿಡಿಯುವ ಸ್ಪ್ರಿಂಗ್ ಪಿನ್, ಅದು ಹಳೆಯ ವಾಲ್ವುಗಳಲ್ಲಿ ಬರಿಯ ಹಿತ್ತಾಳೆಯದು. ಅಲ್ಯೂಮಿನಿಯಂ ಕೊಳವೆಗೆ ಮಾತ್ರ ನಿಕ್ಕಲ್ ಲೇಪಿಸಿದ ಪಿನ್ನೇ ಹಾಕಬೇಕು ಎಂದು ತಯಾರಕರು ಕಟ್ಟುನಿಟ್ಟಾಗಿ ಹೇಳುತ್ತಾರೆ. ಬರಿ ಹಿತ್ತಾಳೆಯ ಪಿನ್ ಹಾಕಿದರೆ ಒಳಗೇ ಕಚ್ಚಿಕೊಂಡು, ತೆಗೆಯುವಾಗ ಕೊಳವೆಯ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ನೋಡು, ಒಳಗಿನ ಪಿನ್ನಿಗೆ ಇಷ್ಟು ಎಚ್ಚರಿಕೆ. ಪಿನ್ನಿಗಿಂತ ಎಷ್ಟೋ ಹೆಚ್ಚು ಕೆಸರು, ಉಪ್ಪು, ನೀರು ಕಾಣುವ ಹೊರಗಿನ ಮುಚ್ಚಳವನ್ನು ಮಾತ್ರ ಅಲಂಕಾರದ ಸಾಮಾನಿನ ಅಂಗಡಿಗೆ ಬಿಟ್ಟುಕೊಟ್ಟಿದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರು ಕಂಪನಿಗಳ ಲಾಂಛನ ಕೊರೆದ ಮುಚ್ಚಳಗಳ ಸೆಟ್ಟು ಸಿಗುತ್ತದೆ. ಯಾವ ಲೋಹದ್ದು ಎಂದು ಯಾರು ಬರೆದಿರುತ್ತಾರೆ?

ಅಳಿಯ: ತೊಂದರೆ ಎರಡು ಬೇರೆ ಲೋಹಗಳದ್ದು ಎಂದಾದರೆ ಪರಿಹಾರ ಸುಲಭ. ಅಲ್ಯೂಮಿನಿಯಂ ಕೊಳವೆಗೆ ಅಲ್ಯೂಮಿನಿಯಂ ಮುಚ್ಚಳ ಹಾಕಿದರಾಯಿತು. ಇಲ್ಲಿ ಆನೋಡೈಸ್ ಮಾಡಿದ, ಅಂದರೆ ಮೈಮೇಲೆ ಆಕ್ಸೈಡ್ ಪದರ ಬೆಳೆಸಿದ, ಬಣ್ಣಬಣ್ಣದ ಮುಚ್ಚಳಗಳನ್ನು ಮಾರುವವರ ವಾದವೇ ಅದು. ಆನೋಡೈಸ್ ಪದರ ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಅದು ನಿಮ್ಮ ಕಂದು ಕಾಗದದ ಕೆಲಸ ಮಾಡುತ್ತದೆ.

ಮಾವ: ಈ ಆಕ್ಷೇಪಕ್ಕೆ ತೂಕವಿದೆ. ಹಿತ್ತಾಳೆಗಿಂತ ಅಲ್ಯೂಮಿನಿಯಂ ಮುಚ್ಚಳ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಕಚ್ಚಿಕೊಳ್ಳುವುದು ತಪ್ಪುವುದಿಲ್ಲ, ತಡವಾಗುತ್ತದೆ. ಅಲ್ಯೂಮಿನಿಯಂನ ರಕ್ಷಣೆ ಅದರ ಮೈಮೇಲಿನ ಆಕ್ಸೈಡ್ ಪೊರೆ, ಆ ಪೊರೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳಬೇಕಾದರೆ ಆಮ್ಲಜನಕ ಬೇಕು. ಮುಚ್ಚಿದ ಇಕ್ಕಟ್ಟಾದ ಸಂದಿನಲ್ಲಿ ಆಮ್ಲಜನಕ ಮುಗಿಯುತ್ತದೆ, ಕ್ಲೋರೈಡ್ ಸೇರುತ್ತಾ ಹೋಗುತ್ತದೆ, ಅಲ್ಲಿಯ ನೀರು ಹುಳಿಯಾಗುತ್ತದೆ, ಪೊರೆ ಒಡೆಯುತ್ತದೆ. ಇದಕ್ಕೆ ಎರಡನೆಯ ಲೋಹದ ಹಂಗೇ ಇಲ್ಲ, ಸಂದು ಒಂದಿದ್ದರೆ ಸಾಕು. ಜೊತೆಗೆ ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಉಜ್ಜಿದರೆ ಮೇಲ್ಮೈ ಹರಿದು ಒಂದಕ್ಕೊಂದು ಬೆಸೆದುಕೊಳ್ಳುವ ಸ್ವಭಾವವೂ ಇದೆ. ಎರಡು ಮೆದು ಲೋಹಗಳ ಥ್ರೆಡ್ ನಡುವೆ ಒಂದು ಮರಳಿನ ಕಣ ಸಿಕ್ಕಿಬಿದ್ದರೂ ಅದು ಶುರುವಾಗುತ್ತದೆ. ಆನೋಡೈಸ್ ಪದರ ಕೆಲವೇ ಮೈಕ್ರಾನ್ ದಪ್ಪ. ಅದು ಮೊದಲು ಸವೆಯುವುದು ಎಲ್ಲಿ ಹೇಳು? ಥ್ರೆಡ್ಡಿನ ಏಣಿನ ಮೇಲೆ, ಅಂದರೆ ಎಲ್ಲಿ ಬೇಕೋ ಅಲ್ಲೇ.

ಅಳಿಯ: ಲಾರಿಗಳ ಕಥೆ ಏನು ಮತ್ತೆ? ಅವುಗಳಲ್ಲಿ ದಶಕಗಳಿಂದ ಲೋಹದ ವಾಲ್ವು, ಲೋಹದ ಮುಚ್ಚಳ. ಅನುಭವಸ್ಥ ಮೆಕ್ಯಾನಿಕ್‌ಗಳು ಪ್ಲಾಸ್ಟಿಕ್ ಅಂದರೆ ಮೂಗು ಮುರಿಯುವುದು ಇದಕ್ಕೇ.

ಮಾವ: ಅವರ ಅನುಭವ ಸುಳ್ಳಲ್ಲ, ಅದು ಬೇರೆ ಲೋಹದ ಅನುಭವ. ಲಾರಿಯ ಹಳೆಯ ವಾಲ್ವು ಹಿತ್ತಾಳೆಯದು, ಮುಚ್ಚಳವೂ ಹಿತ್ತಾಳೆಯದು. ಹಿತ್ತಾಳೆ ಕಿಲುಬು ಹಿಡಿದರೂ ಅಲ್ಯೂಮಿನಿಯಂನಂತೆ ಬೇಗ ಊದುವುದಿಲ್ಲ, ಒಂದರ ಮೇಲೊಂದು ನುಣ್ಣಗೆ ತಿರುಗುತ್ತದೆ. ಅಗಸ್ಟ್ ಶ್ರೇಡರ್ ಎಂಬಾತ 1890ರ ದಶಕದಲ್ಲಿ ಈ ವಾಲ್ವು ಮಾಡಿದಾಗಿನಿಂದ ನೂರು ವರ್ಷ ಅದೇ ಜೋಡಿ ನಡೆದುಬಂತು. ಥ್ರೆಡ್ಡಿನ ಅಳತೆ ಇವತ್ತಿಗೂ ಹಾಗೇ ಇದೆ, ಹಳೆಯ ಮುಚ್ಚಳ ಹೊಸ ಕೊಳವೆಗೆ ಸಲೀಸಾಗಿ ಕೂರುತ್ತದೆ. ಮೋಸ ಆಗುವುದು ಅಲ್ಲೇ. ಅಳತೆ ಹೊಂದಿತು ಎಂದ ಮಾತ್ರಕ್ಕೆ ಲೋಹ ಹೊಂದಿತು ಎಂದಲ್ಲ.

ಅಳಿಯ: ಹಾಗಾದರೆ ತಪ್ಪು ಸೆನ್ಸರಿನದು. ಹಿತ್ತಾಳೆಯ ಸರಳ ವಾಲ್ವು ಇದ್ದಿದ್ದರೆ ಈ ಪೀಕಲಾಟವೇ ಇರುತ್ತಿರಲಿಲ್ಲ.

ಮಾವ: ಸೆನ್ಸರ್ ಸುಮ್ಮನೆ ಬರಲಿಲ್ಲ. 2000ನೇ ಇಸವಿಯ ಆಸುಪಾಸಿನಲ್ಲಿ ನಿಮ್ಮ ದೇಶದಲ್ಲಿ ಫೈರ್‌ಸ್ಟೋನ್ ಟೈರುಗಳ ಪಟ್ಟಿ ಸುಲಿದು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಉರುಳಿಬಿದ್ದದ್ದು, 250ಕ್ಕೂ ಹೆಚ್ಚು ಜನ ಸತ್ತದ್ದು, ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿದ್ದು ಇತಿಹಾಸ. ಟೈರಿನಲ್ಲಿ ದೋಷವಿತ್ತು, ಗಾಳಿ ಕಡಿಮೆ ಇದ್ದದ್ದು ಅದಕ್ಕೆ ತುಪ್ಪ ಸುರಿಯಿತು. 2000ನೇ ಇಸವಿಯ ಕಾನೂನಿನ ಫಲವಾಗಿ 2007ರ ಸೆಪ್ಟೆಂಬರಿನಿಂದ ಅಲ್ಲಿ ಮಾರುವ ಹೊಸ ಹಗುರ ವಾಹನಗಳಿಗೆಲ್ಲ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಯಿತು. ಆ ದೀಪ ಹತ್ತುವುದು ಯಾವಾಗ ಗೊತ್ತಲ್ಲ? ಕಂಪನಿ ಹೇಳಿದ ಒತ್ತಡಕ್ಕಿಂತ ಶೇ. 25 ಕೆಳಗಿಳಿದಾಗ. 33 ಪಿಎಸ್‌ಐ ಇರಬೇಕಾದ ಟೈರಿನಲ್ಲಿ 25ರ ಹತ್ತಿರಕ್ಕೆ ಬರುವವರೆಗೂ ಅದು ಸುಮ್ಮನಿರಬಹುದು. ಹೊರಗಿನ ತಾಪ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಏನೂ ತೂತಿಲ್ಲದಿದ್ದರೂ ತಿಂಗಳಿಗೆ ಒಂದರಷ್ಟು ರಬ್ಬರಿನ ಮೂಲಕವೇ ಸೋರುತ್ತದೆ. ಅಂದಮೇಲೆ ಗೇಜು ಹಿಡಿದು ಗಾಳಿ ನೋಡುವ ಕೆಲಸ ಸೆನ್ಸರ್ ಬಂದರೂ ತಪ್ಪಲಿಲ್ಲ, ಗೇಜು ಇಡಬೇಕಾದರೆ ಮುಚ್ಚಳ ಬಿಚ್ಚಲೇಬೇಕು. ಕಚ್ಚಿಕೊಂಡ ಮುಚ್ಚಳದ ಕಾರಿನಲ್ಲಿ ಸೆನ್ಸರ್ ಗಾಳಿ ಹಾಕು ಎನ್ನುತ್ತದೆ, ಮುಚ್ಚಳ ಬಿಡುವುದಿಲ್ಲ ಎನ್ನುತ್ತದೆ. ಇದರಲ್ಲಿ ತಪ್ಪಿತಸ್ಥ ಸೆನ್ಸರ್ ಹೇಗಾಗುತ್ತದೆ?

ಅಳಿಯ: ಪ್ಲಾಸ್ಟಿಕ್ ಒಡೆಯುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ, ಎಲ್ಲೋ ಬಿದ್ದುಹೋಗುತ್ತದೆ, ಇಲ್ಲವೇ ಕಳವಾಗುತ್ತದೆ. ಲೋಹದ್ದು ಗಟ್ಟಿ, ಗಾಳಿಯನ್ನೂ ತಡೆಯುತ್ತದೆ. ಪಿನ್ ಕೈಕೊಟ್ಟರೂ ಮುಚ್ಚಳ ಕಾಪಾಡುತ್ತದೆ ಎನ್ನುವವರಿದ್ದಾರೆ.

ಮಾವ: ಗಟ್ಟಿತನ ಮುಚ್ಚಳದ ಗುಣವಾಗಬೇಕು ಎಂದು ಯಾರು ಹೇಳಿದರು? ಅದಕ್ಕಿರುವುದು ಎರಡೇ ಕೆಲಸ. ಪಿನ್ನಿನ ಮೇಲೆ ಮಣ್ಣು ನೀರು ಬೀಳದಂತೆ ಕಾಯುವುದು, ಬೇಕೆಂದಾಗ ಬಿಚ್ಚಿಕೊಳ್ಳುವುದು. ಒಡೆಯುವುದೇ ಆದರೆ ಮನೆಯ ಫ್ಯೂಸ್ ತಂತಿಯ ಹಾಗೆ ಅಗ್ಗದ್ದು ಮೊದಲು ಒಡೆಯಲಿ. ಪ್ಲಾಸ್ಟಿಕ್ ಮುಚ್ಚಳವನ್ನು ಇಕ್ಕಳದಲ್ಲಿ ಎಷ್ಟೇ ಬಿಗಿದರೂ ಅದರ ಥ್ರೆಡ್ ಕಿತ್ತುಹೋಗುತ್ತದೆ, ಕೊಳವೆಗೆ ಏನೂ ಆಗುವುದಿಲ್ಲ. ಗಾಳಿ ತಡೆಯುವ ವಿಚಾರದಲ್ಲಿ ಒಂದು ಮಾತು ಒಪ್ಪುತ್ತೇನೆ. ಚಕ್ರ ತಿರುಗುವಾಗ ಪಿನ್ನಿನ ಮೇಲೆ ಹೊರಮುಖ ಎಳೆತ ಬೀಳುತ್ತದೆ, ಆ ದಿಕ್ಕು ಪಿನ್ ತೆರೆದುಕೊಳ್ಳುವ ದಿಕ್ಕೇ. ಟೈರಿನ ತ್ರಿಜ್ಯ 30 ಸೆಂಟಿಮೀಟರ್, ವಾಲ್ವು ನಡುವಿನಿಂದ 20 ಸೆಂಟಿಮೀಟರ್ ದೂರ ಎಂದಿಟ್ಟುಕೋ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಪಿನ್ನಿನ ತೂಕ ಸುಮಾರು 170 ಪಟ್ಟು ಆದಂತೆ. ಅದಕ್ಕೇ ಭಾರಿ ವೇಗದ ಬೈಕುಗಳಿಗೆ ರಬ್ಬರ್ ಉಂಗುರವಿರುವ ಲೋಹದ ಮುಚ್ಚಳ ಹೇಳುವುದುಂಟು, ಅಲ್ಲಿ ಅದಕ್ಕೆ ಕಾರಣವಿದೆ. ಆದರೆ ಊರಿಂದ ಆಫೀಸಿಗೆ ಹೋಗುವ ಕಾರಿನಲ್ಲಿ ಸ್ಪ್ರಿಂಗೂ ಒಳಗಿನ ಗಾಳಿಯ ಒತ್ತಡವೂ ಸೇರಿ ಪಿನ್ನನ್ನು ಮುಚ್ಚಿಯೇ ಇಡುತ್ತವೆ. ಪಿನ್ ಸೋರುತ್ತಿದ್ದರೆ ಪಿನ್ ಬದಲಿಸಬೇಕು, ಅದು ಚಿಲ್ಲರೆ ಕಾಸಿನ ವಸ್ತು. ಸೋರುವ ಪಿನ್ನನ್ನು ಮುಚ್ಚಳದಿಂದ ಮರೆಸುವುದು ರೋಗ ಬಚ್ಚಿಟ್ಟಂತೆ. ಒಳಗೆ ರಬ್ಬರ್ ಉಂಗುರವಿರುವ ಪ್ಲಾಸ್ಟಿಕ್ ಮುಚ್ಚಳವೂ ಸಿಗುತ್ತದಲ್ಲ. ಕಳವಾಗುತ್ತದೆ ಅನ್ನುವುದಕ್ಕೆ ನಾನು ಉತ್ತರ ಹೇಳುವುದಿಲ್ಲ, ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕದಿಯುವವನನ್ನು ನಾನಂತೂ ಕಂಡಿಲ್ಲ.

ಅಳಿಯ: ಗ್ರೀಸ್ ಹಚ್ಚಿದರೆ? ಲೋಹದ್ದೇ ಹಾಕಿ, ಥ್ರೆಡ್ಡಿಗೆ ಒಂದು ಹನಿ ಹಚ್ಚಿ ಎನ್ನುವುದು ಇಲ್ಲಿಯ ರೂಢಿಯ ಸಲಹೆ.

ಮಾವ: ಯಾವ ಗ್ರೀಸ್ ಎಂದು ಕೇಳಬೇಕು. ವರ್ಕ್‌ಶಾಪುಗಳಲ್ಲಿ ಬೋಲ್ಟುಗಳಿಗೆ ಹಚ್ಚುವ ತಾಮ್ರದ ಪುಡಿ ಬೆರೆಸಿದ ಪೇಸ್ಟ್ ಅಲ್ಯೂಮಿನಿಯಂಗೆ ಹಚ್ಚಿದರೆ ಕಾಯಿಲೆಯನ್ನು ಮನೆಗೆ ಕರೆದಂತೆ, ನಡುವೆ ಇರಬಾರದ ತಾಮ್ರವನ್ನು ನಾವೇ ತುಂಬಿದ ಹಾಗಾಯಿತು. ಸಿಲಿಕೋನ್ ಗ್ರೀಸ್ ಪರವಾಗಿಲ್ಲ, ನೀರನ್ನು ದೂರ ಇಡುತ್ತದೆ. ಆದರೆ ಪ್ರತಿ ಸಲ ಗಾಳಿ ನೋಡುವಾಗ ಒರೆಸಿಹೋಗುತ್ತದೆ, ಮತ್ತೆ ಹಚ್ಚಬೇಕು. ಹೆಚ್ಚು ಹಚ್ಚಿದರೆ ಧೂಳು ಅಂಟಿ ಅದೇ ಪಿನ್ನಿನ ಬಾಯಿಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಗಾಳಿ ನೋಡುವ ಮಾಲೀಕನಿಗೆ ಋತುವಿಗೊಮ್ಮೆ ಗ್ರೀಸ್ ಹಚ್ಚು ಎಂದು ಹೇಳಿ ಏನು ಪ್ರಯೋಜನ? ಅವನ ಶಿಸ್ತನ್ನು ನಂಬಿ ನಿಲ್ಲುವ ಪರಿಹಾರಕ್ಕಿಂತ, ಅವನು ಮರೆತರೂ ಕೆಲಸ ಮಾಡುವ ಪರಿಹಾರವೇ ನನಗೆ ಇಷ್ಟ.

ಅಳಿಯ: ಇದೆಲ್ಲ ಹಿಮ ಬೀಳುವ ದೇಶದ ತಾಪತ್ರಯ ಅಲ್ಲವೇ. ನಮ್ಮೂರಲ್ಲಿ ರಸ್ತೆಗೆ ಉಪ್ಪು ಹಾಕುವವರಿಲ್ಲ.

ಮಾವ: ರಸ್ತೆಗೆ ಹಾಕುವುದಿಲ್ಲ, ಕಡಲೇ ಹಾಕುತ್ತದೆ. ಕಾರವಾರದಿಂದ ಉಳ್ಳಾಲದವರೆಗೆ ಕಡಲ ಗಾಳಿಯಲ್ಲಿ ಉಪ್ಪು ತೇಲುತ್ತಿರುತ್ತದೆ, ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ ಮಳೆ. ಮಿಶಿಗನ್ನಿನಷ್ಟು ವೇಗವಾಗಿ ಆಗದಿದ್ದೀತು, ಬೆಂಗಳೂರು, ಕಲಬುರಗಿಗಳಲ್ಲಿ ಇನ್ನೂ ನಿಧಾನ. ಆದರೆ ಇಲ್ಲಿ ಇನ್ನೊಂದು ಸಂಗತಿ ಸೇರಿಕೊಂಡಿದೆ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು: ಟ್ಯೂಬ್‌ಲೆಸ್ ಟೈರಿನ ಕಾರಿನಲ್ಲಿ ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆಯೂ ರಿಪೇರಿ ಕಿಟ್ಟೂ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಆ ಕಿಟ್ಟಿನ ಗಾಳಿಯೂ ಅಂಟುದ್ರವವೂ ಟೈರಿನೊಳಗೆ ಹೋಗುವುದು ಯಾವ ದಾರಿಯಿಂದ? ವಾಲ್ವಿನಿಂದಲೇ. ಶಿರಾಡಿ ಘಾಟಿಯಲ್ಲಿ ರಾತ್ರಿ ಟೈರು ಪಂಕ್ಚರ್ ಆಗಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲದೆ, ಕೈಯಲ್ಲಿ ಕಿಟ್ ಹಿಡಿದು ನಿಂತವನಿಗೆ ಮುಚ್ಚಳ ಬಿಚ್ಚದಿದ್ದರೆ ಆ ಕಿಟ್ ಖಾಲಿ ಡಬ್ಬಿಗೆ ಸಮ. ಇನ್ನು ಕೆಲವರು ಹೊರಗಿನಿಂದ ತಿರುಗಿಸಿ ಹಾಕುವ ಸೆನ್ಸರುಗಳನ್ನು ತರಿಸಿಕೊಳ್ಳುತ್ತಾರೆ, ಅವುಗಳಲ್ಲಿ ಸೆನ್ಸರೇ ಮುಚ್ಚಳ. ಒಳಗಿನ ಥ್ರೆಡ್ ಲೋಹದ್ದಾದರೆ ಅದೇ ಕಥೆ. ಅವುಗಳ ವಿಷಯದಲ್ಲಿ ಮಾತ್ರ ಆಗಾಗ ಬಿಚ್ಚಿ ಹಾಕುವುದನ್ನು ಬಿಟ್ಟು ಬೇರೆ ದಾರಿ ಕಾಣೆ.

ಅಳಿಯ: ಈಗಾಗಲೇ ಕಚ್ಚಿಕೊಂಡಿದ್ದರೆ?

ಮಾವ: ಮೊದಲು, ಬಲ ಹಾಕಬೇಡ. ಒಂದೇ ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ತಿರುಗುವುದು ಇಡೀ ಕೊಳವೆ. ಬುಡದ ರಬ್ಬರ್ ಕಿತ್ತು ಗಾಳಿ ಸೋರಬಹುದು, ಒಳಗೆ ಸೆನ್ಸರಿನ ಪೆಟ್ಟಿಗೆ ರಿಮ್ಮಿಗೆ ಬಡಿದು ಒಡೆಯಬಹುದು. ಮುಚ್ಚಳದ ಅಂಚಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿ. ಮಾರನೇ ದಿನ ಕೊಳವೆಯನ್ನು ಒಂದು ಇಕ್ಕಳದಲ್ಲಿ ಅಲುಗಾಡದಂತೆ ಹಿಡಿದು, ಇನ್ನೊಂದರಲ್ಲಿ ಮುಚ್ಚಳವನ್ನು ಆ ಕಡೆ ಈ ಕಡೆ ಚೂರು ಚೂರು ಆಡಿಸು. ಬಿಡದಿದ್ದರೆ ಮುಚ್ಚಳದ ಮೈಗೆ ಉದ್ದಕ್ಕೆ ಹ್ಯಾಕ್ಸಾ ಬ್ಲೇಡಿನಲ್ಲಿ, ಥ್ರೆಡ್ ತಾಕುವುದಕ್ಕೆ ಮುಂಚೆ ನಿಲ್ಲುವಂತೆ, ಗೀರು ಹಾಕಿ ಸ್ಕ್ರೂ ಡ್ರೈವರಿನಿಂದ ಅಗಲಿಸು, ಅದು ಬಾಯಿ ಬಿಡುತ್ತದೆ. ಮುಚ್ಚಳ ಹಾಳಾಗುತ್ತದೆ, ಹಾಳಾಗಲಿ. ಬೆಂಕಿ ಮಾತ್ರ ತೋರಿಸಬೇಡ, ಕೆಳಗೆ ರಬ್ಬರ್ ಇದೆ, ಒಳಗೆ ಲಿಥಿಯಂ ಬ್ಯಾಟರಿ ಇದೆ. ಕೊಳವೆಯೇ ಮುರಿದರೂ ಎದೆಗುಂದಬೇಡ. ಎಷ್ಟೋ ಸೆನ್ಸರುಗಳಲ್ಲಿ ಕೊಳವೆ ಬೇರೆ, ಸೆನ್ಸರ್ ಬೇರೆ, ನಡುವೆ ಒಂದು ಸ್ಕ್ರೂ ಅಷ್ಟೇ. ಟೈರಂತೂ ಕಳಚಬೇಕು, ಆದರೆ ಕೊಳವೆ, ರಬ್ಬರ್, ನಟ್ಟು, ಪಿನ್ ಇರುವ ಕಿಟ್ ಹಾಕಿಸಿದರೆ ಸೆನ್ಸರ್ ಉಳಿಯುತ್ತದೆ. ಅಂಗಡಿಯವನು ಇಡೀ ಸೆನ್ಸರ್ ಬದಲಿಸಬೇಕು ಎಂದರೆ ಇದನ್ನು ಕೇಳಿ ನೋಡು.

ಅಳಿಯ: ಅಂದರೆ ನಿಮ್ಮ ತೀರ್ಮಾನ ಕಾರಿನ ಜೊತೆ ಬಂದ ಕಪ್ಪು ಪ್ಲಾಸ್ಟಿಕ್ ಮುಚ್ಚಳವೇ.

ಮಾವ: ಅದೇ. ಕಾರಿಗೆ ಹೊಸ ಟೈರು ಹಾಕಿಸುವ ದಿನ ಅಂಗಡಿಯವರು ಪ್ರೀತಿಯಿಂದ ಹೊಳೆಯುವ ಮುಚ್ಚಳ ಹಾಕಿಕೊಡುತ್ತಾರೆ. ಬೇಡವೆಂದು ಹೇಳಿ, ಒಳಗೆ ರಬ್ಬರ್ ಉಂಗುರವಿರುವ ಪ್ಲಾಸ್ಟಿಕ್ ಮುಚ್ಚಳ ಕೇಳಿ ಹಾಕಿಸಿಕೋ, ನಾಲ್ಕು ಹೆಚ್ಚಿಗೆ ತೆಗೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟುಕೋ.